ತಂಜಾವೂರು, ಮಂಡ್ಯ ಮತ್ತು ಒಂದು ನೀರಿನ ಕ್ಯಾನು

ನಾಲ್ಕು ದಿನ ಅವನು ನಮ್ಮ ರೂಮಿನ ಕ್ಯಾನಿನಿಂದ ನೀರು ಕುಡಿಯಲಿಲ್ಲ.

ಹಾಸ್ಟೆಲ್‌ನ ಕೆಳಮಹಡಿಯ ಫಿಲ್ಟರ್‌ನಲ್ಲಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ಮೂರನೇ ಮಹಡಿಗೆ ಹೊತ್ತು ತರಬೇಕು. ಒಂದು ದಿನ ನನ್ನ ಸರದಿ, ಒಂದು ದಿನ ಅವನದು. ಆ ನಾಲ್ಕು ದಿನಗಳಲ್ಲಿ ಎರಡು ದಿನ ಅವನ ಸರದಿಯೇ ಇತ್ತು. ತಪ್ಪದೆ ತುಂಬಿಸಿ ತಂದು ನನ್ನ ಮಂಚದ ಪಕ್ಕ ಇಟ್ಟ. ತಾನು ಮಾತ್ರ ಅಂಗಡಿಯಿಂದ ಬಾಟಲಿ ನೀರು ತಂದು ಕುಡಿದ. ಒಂದು ಮಾತೂ ಆಡಲಿಲ್ಲ.

ಅದು 2023ರ ಸೆಪ್ಟೆಂಬರ್ ಕೊನೆಯ ವಾರ. ನಾನು ಸಿವಿಲ್ ಎಂಜಿನಿಯರಿಂಗ್ ಸೇರಲು ಮೈಸೂರಿಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ನನ್ನದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ರೂಮ್‌ಮೇಟ್ ತಂಜಾವೂರು ಕಡೆಯವನು, ಅವನ ಮನೆಯವರದೂ ಭತ್ತದ ಬೇಸಾಯ. ಹಾಸ್ಟೆಲಿನಲ್ಲಿ ನಮ್ಮ ಹೆಸರು ಯಾರೂ ಕರೆಯುತ್ತಿರಲಿಲ್ಲ. ಅವನು ‘ತಂಜಾವೂರು’, ನಾನು ‘ಮಂಡ್ಯ’. ನಾವೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದೆವು. ಈಗಲೂ ಹಾಗೆಯೇ.

ಆ ವರ್ಷ ಮಳೆ ಕೈಕೊಟ್ಟಿದ್ದು ನಿಮಗೆ ನೆನಪಿರಬಹುದು. ಆಗಸ್ಟ್ ಪೂರ್ತಿ ಒಣಗಿತ್ತು. ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. 124.80 ಅಡಿಯ ಕೆಆರ್‌ಎಸ್‌ನಲ್ಲಿ ನೀರು ನೂರು ಅಡಿಗಿಂತ ಕೆಳಗಿತ್ತು. ಅಂಥ ಹೊತ್ತಿನಲ್ಲಿ ಸೆಪ್ಟೆಂಬರ್ 13ರಿಂದ ಹದಿನೈದು ದಿನ ದಿನಕ್ಕೆ 5,000 ಕ್ಯೂಸೆಕ್ ಬಿಡಬೇಕು ಎಂಬ ಆದೇಶ ಬಂತು. ನಾವು ಬಿಟ್ಟೆವು. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. 26ರ ಸಂಜೆ ಹಾಸ್ಟೆಲ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಏನೇನೋ ಹಾಕುತ್ತಿದ್ದರು. ನಾನೂ ಒಂದು ಸಾಲು ಹಾಕಿದೆ: ‘ನಮ್ಮ ನೀರು ಬೇಕು ಅನ್ನೋರು ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ಲಿ.’ ನಗುವ ಎಮೋಜಿಗಳು ಸಾಲುಗಟ್ಟಿ ಬಂದವು. ಯಾರೋ ಒಬ್ಬರು ಅದನ್ನು ಅವನಿಗೆ ಅನುವಾದಿಸಿಯೂ ಕೊಟ್ಟರು.

ನಿಜ ಹೇಳಬೇಕೆಂದರೆ ಅದನ್ನು ಬರೆಯುವಾಗ ಅವನು ನನ್ನ ತಲೆಯಲ್ಲಿ ಇರಲೇ ಇಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ‘ತಮಿಳುನಾಡು’. ಅದು ಟಿ.ವಿ.ಯಲ್ಲಿ ಕಾಣುವ ಒಂದು ನಕಾಶೆ, ಅಷ್ಟೇ. ಆ ನಕಾಶೆ ಎರಡು ಅಡಿ ದೂರದ ಮಂಚದ ಮೇಲೆ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಮಡಚುತ್ತಾ ಕೂತಿರುತ್ತದೆ ಎಂದು ಹೊಳೆಯಲಿಲ್ಲ.

ಅವನ ಅಮ್ಮ ಆ ದಿನಗಳಲ್ಲಿ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಉರಿದದ್ದನ್ನು ಅವರು ಟಿ.ವಿ.ಯಲ್ಲಿ ನೋಡಿದ್ದರಂತೆ. ಮಗನನ್ನು ಕರ್ನಾಟಕದ ಕಾಲೇಜಿಗೆ ಕಳಿಸಲು ಮೊದಲೇ ಮನಸ್ಸಿರಲಿಲ್ಲವಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಕೇಳಿಸುತ್ತಿದ್ದದ್ದು ಅವನು ಗೋಡೆಯ ಕಡೆ ತಿರುಗಿ ತಮಿಳಿನಲ್ಲಿ ಮೆಲ್ಲಗೆ ‘ಒಣ್ಣುಮಿಲ್ಲೆ ಅಮ್ಮಾ’ ಎನ್ನುತ್ತಿದ್ದದ್ದು ಮಾತ್ರ. ಏನೂ ಇಲ್ಲಮ್ಮ ಎಂದರ್ಥ. ಅದಕ್ಕೆ ಅನುವಾದ ಬೇಕಿರಲಿಲ್ಲ.

29ರ ಬಂದ್ ದಿನ ಹೊರಗೆ ಹೋಗುವ ಹಾಗಿರಲಿಲ್ಲ. ಮೆಸ್‌ನಲ್ಲಿ ಬರೀ ಚಿತ್ರಾನ್ನ. ಮಧ್ಯಾಹ್ನ ಅಪ್ಪ ಫೋನ್ ಮಾಡಿದರು. ಮಂಡ್ಯದಲ್ಲಿ ಸರ್ ಎಂ.ವಿ. ಪ್ರತಿಮೆಯ ಬಳಿ ಧರಣಿಯಲ್ಲಿದ್ದರು. ಹಿಂದಿನಿಂದ ಘೋಷಣೆ ಕೇಳಿಸುತ್ತಿತ್ತು. ಸ್ಪೀಕರ್ ಆನ್ ಆಗಿತ್ತು. ಅಪ್ಪ ಕೇಳಿದ ಮೊದಲ ಮಾತು: “ಲೇ, ನಿನ್ ರೂಮ್ನಾಗೆ ತಮಿಳ್ನಾಡ ಹುಡ್ಗ ಅವ್ನೆ ಅಂದಿದ್ದಲ್ಲ, ಉಂಡ್ನಾ ಅವ್ನು? ಇವತ್ತು ಈಚೆಗೆ ಬುಡ್ಬ್ಯಾಡ ಕಣ್ಲಾ ಅವ್ನ್ನ, ಜತೇಲೇ ಇರು.”

ಅವನಿಗೆ ಆಗ ಕನ್ನಡ ಅಷ್ಟಕ್ಕಷ್ಟೆ. ಆದರೆ ‘ತಮಿಳ್ನಾಡ ಹುಡ್ಗ’ ಅರ್ಥವಾಯಿತು, ‘ಉಂಡ್ನಾ’ ಕೂಡ ಅರ್ಥವಾಯಿತು. ತಮಿಳಿನಲ್ಲೂ ಅದು ಹತ್ತಿರದ ಮಾತೇ. ಫೋನ್ ಇಟ್ಟ ಮೇಲೆ ಅವನು ನಾಲ್ಕು ದಿನದಲ್ಲಿ ಮೊದಲ ಬಾರಿ ಮಾತಾಡಿದ. “ನಿಮ್ಮಪ್ಪ ಎಲ್ಲಿದ್ದಾರೆ?” ಧರಣಿಯಲ್ಲಿ ಎಂದೆ. ಯಾಕೆ ಎಂದ. ನೀರು ಬಿಡಬಾರದು ಅಂತ, ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಕೂಡ ಧರಣಿಯಲ್ಲಿದ್ದಾರೆ. ನೀರು ಬಿಡಬೇಕು ಅಂತ” ಎಂದ. ಇಬ್ಬರಿಗೂ ನಗು ಬಂತು. ಆಮೇಲೆ ನಾನು ಕ್ಷಮೆ ಕೇಳಿದೆ. ರೂಮಿನೊಳಗೆ ಕೇಳುವುದು ಸುಲಭ. ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅದೇ ನಲವತ್ತು ಜನರ ಮುಂದೆ ಕೇಳಲು ನನಗೆ ಇನ್ನೂ ಎರಡು ದಿನ ಬೇಕಾಯಿತು. ಅಲ್ಲಿ ಎಮೋಜಿಗಳು ಬರಲಿಲ್ಲ.

ಆ ಸಂಜೆ ಒಂದು ಹಾಳಾದ ಡ್ರಾಯಿಂಗ್ ಶೀಟಿನ ಹಿಂಬದಿಯಲ್ಲಿ ಇಬ್ಬರೂ ಲೆಕ್ಕ ಹಾಕಿದೆವು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 5,000 ಕ್ಯೂಸೆಕ್, ಹದಿನೈದು ದಿನ. ಗುಣಿಸಿದರೆ 648 ಕೋಟಿ ಘನ ಅಡಿ, ಅಂದರೆ 6.48 ಟಿಎಂಸಿ. ನಾಚಿಕೆಯ ವಿಷಯವೆಂದರೆ, ವಾರಗಟ್ಟಲೆ ಈ ಬಗ್ಗೆ ಕೂಗಾಡಿದ್ದ ನಮ್ಮಿಬ್ಬರಿಗೂ ಇದು ಗೊತ್ತಿರಲಿಲ್ಲ. ಕಟ್ಟೆಯೇ ಬರಿದಾಗುತ್ತದೆ ಎಂದು ನಾನು ತಿಳಿದಿದ್ದೆ. ಇದು ಕರ್ನಾಟಕಕ್ಕೆ ಲೆಕ್ಕಕ್ಕೇ ಇಲ್ಲದಷ್ಟು ನೀರು ಎಂದು ಅವನು ತಿಳಿದಿದ್ದ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದೇ ಸುಮಾರು 49.45 ಟಿಎಂಸಿ. ಆ ವರ್ಷ ತುಂಬಿರಲೂ ಇಲ್ಲ. ಆರೂವರೆ ಟಿಎಂಸಿ ಎಂದರೆ ಅಂಥಾ ಕಡಿಮೆಯೂ ಅಲ್ಲ, ಸರ್ವನಾಶವೂ ಅಲ್ಲ. ಲೆಕ್ಕದಿಂದ ಜಗಳ ಮುಗಿಯಲಿಲ್ಲ. ಆದರೆ ಅವತ್ತಿನಿಂದ ಒಂದೇ ಸಂಖ್ಯೆ ಇಟ್ಟುಕೊಂಡು ಜಗಳವಾಡಲು ಶುರುಮಾಡಿದೆವು.

ಇಲ್ಲೊಂದು ವಿಚಿತ್ರ ಹೇಳಬೇಕು. ನಮ್ಮನ್ನು ಉಳಿಸಿದ್ದು ನಮ್ಮ ಭಾಷೆಯ ಬಡತನ. ನನ್ನ ಇಂಗ್ಲಿಷ್ ಕನ್ನಡ ಮಾಧ್ಯಮದ್ದು. ಅವನ ಕನ್ನಡ ಮೂರು ವಾರದ್ದು. ಅವನು ಏನಾದರೂ ಹೇಳಿದರೆ, ಸರಿಯಾಗಿ ತಿಳಿಯಿತೋ ಇಲ್ಲವೋ ಎಂದು ನಾನು ವಾಪಸ್ ಕೇಳಲೇಬೇಕಿತ್ತು: “ಅಂದ್ರೆ ನೀನು ಹೇಳೋದು ಹೀಗಾ?” ಅವನು ಅಲ್ಲ ಅಲ್ಲ ಎಂದು ತಿದ್ದುತ್ತಿದ್ದ. ಮತ್ತೆ ಹೇಳುತ್ತಿದ್ದೆ. ‘ಹೂಂ, ಅದೇ’ ಎಂದ ಮೇಲಷ್ಟೇ ನನ್ನ ಉತ್ತರ. ಅಷ್ಟು ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಎಷ್ಟೋ ಸಲ ನನ್ನ ಉತ್ತರ ಅವನು ಹೇಳದ ಮಾತಿಗೆ ಸಿದ್ಧವಾಗಿತ್ತು ಎಂಬುದೂ ಗೊತ್ತಾಗುತ್ತಿತ್ತು. ಒಂದೇ ಭಾಷೆಯ ಗೆಳೆಯರ ಜೊತೆ ಇಷ್ಟು ತಾಳ್ಮೆಯಿಂದ ನಾನು ಯಾವತ್ತೂ ಮಾತಾಡಿಲ್ಲ. ಅಲ್ಲಿ ಎಲ್ಲವೂ ಅರ್ಥವಾಗಿದೆ ಎಂದುಕೊಂಡೇ ಜಗಳವಾಡುತ್ತೇವೆ. ಕ್ಯಾಂಪಸ್ ಸಂದರ್ಶನದ ಗ್ರೂಪ್ ಡಿಸ್ಕಷನ್‌ಗೆ ತಯಾರಾಗುತ್ತಿರುವವರು ಇದನ್ನೊಮ್ಮೆ ಪ್ರಯತ್ನಿಸಿ ನೋಡಿ. ನಮ್ಮಲ್ಲಿ ನಡೆದ ಅಣಕು ಚರ್ಚೆಯಲ್ಲಿ ಎಂಟು ಜನರಲ್ಲಿ ಆರು ಜನ ಮೊದಲ ನಿಮಿಷದಲ್ಲೇ ಕೂಗುತ್ತಿದ್ದರು. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ಕೂಗುವವರಿಗೂ ಗೊತ್ತಿರಲಿಲ್ಲ.

ಹೀಗೆ ತಿದ್ದಿಸಿಕೊಂಡು ಕೇಳಿದಾಗ ತಿಳಿದ ದೊಡ್ಡ ವಿಷಯ ಮಳೆಯದು. ‘ಅವರಿಗೆ ಎರಡು ಮುಂಗಾರು, ನಮಗೆ ಒಂದೇ, ಆದರೂ ನಮ್ಮ ನೀರೇ ಬೇಕಾ’ ಎನ್ನುವುದು ನಮ್ಮೂರ ಅರಳಿಕಟ್ಟೆಯ ಖಾಯಂ ವಾದ. ನಾನೂ ಅದನ್ನೇ ಎಸೆದೆ. ಅವನು ಕ್ಯಾಲೆಂಡರ್ ತೆಗೆದ. ಅವರ ಕುರುವೈ ಬೆಳೆ ಜೂನ್‌ನಲ್ಲಿ ಶುರು. ಮೆಟ್ಟೂರು ಅಣೆಕಟ್ಟೆಯ ಗೇಟು ತೆರೆಯುವ ವಾಡಿಕೆಯ ದಿನ ಜೂನ್ 12. ಅವರ ದೊಡ್ಡ ಮಳೆ, ಈಶಾನ್ಯ ಮಾರುತದ್ದು, ಬರುವುದು ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಪೈರು ಬದುಕುವುದು ನದಿಯಿಂದಲೇ. ಎರಡನೇ ಮಳೆ ಇದೆ ನಿಜ, ಆದರೆ ಸೆಪ್ಟೆಂಬರ್‌ನಲ್ಲಿ ಒಣಗುವ ಪೈರಿಗೆ ನವೆಂಬರ್ ಮಳೆಯಿಂದ ಏನು ಪ್ರಯೋಜನ? ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವನ ತಲೆಯಲ್ಲೂ ಒಂದು ತಪ್ಪು ಚಿತ್ರವಿತ್ತು. ಕರ್ನಾಟಕ ಎಂದರೆ ಕೊಡಗಿನ ಹಾಗೆ ಸದಾ ಮಳೆ ಸುರಿಯುವ ನಾಡು, ನಾವು ಕಟ್ಟೆ ತುಂಬ ನೀರಿಟ್ಟುಕೊಂಡು ಕೊಡದವರು ಎಂದುಕೊಂಡಿದ್ದ. ಬೆಂಗಳೂರು ಕುಡಿಯುವುದೂ ಇದೇ ಕಾವೇರಿಯನ್ನು ಎಂಬುದು ಅವನಿಗೆ ಹೊಸ ಸುದ್ದಿ.

2018ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಒಂದು ಭಾನುವಾರ ಹುಡುಕಿ ಓದಿದೆವು. ಪೂರ್ತಿ ಅಲ್ಲ, ನಮ್ಮ ಯೋಗ್ಯತೆಗೆ ತಕ್ಕಷ್ಟು. ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲು ಬಳಿ 177.25 ಟಿಎಂಸಿ ಹರಿಯಬೇಕು. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕು. ಎಷ್ಟು, ಹೇಗೆ, ಯಾವ ವಾರ ಎಂಬ ಸಂಕಷ್ಟ ಸೂತ್ರವನ್ನು ಎರಡೂ ರಾಜ್ಯ ಒಪ್ಪಿಲ್ಲ. ನಮ್ಮ ಜಗಳ ಇರುವುದು ಆ ಜಾಗದಲ್ಲಿ. ಸೂತ್ರವಿಲ್ಲದೆ ಬರದ ವರ್ಷ ನೀರು ಕೇಳುವುದು ಅನ್ಯಾಯ ಎಂಬುದು ನನ್ನ ವಾದ. ಸೂತ್ರವಿಲ್ಲ ಎಂಬುದನ್ನೇ ನೆಪ ಮಾಡಿಕೊಂಡು ತಡೆಯುವುದು ಅನ್ಯಾಯ ಎಂಬುದು ಅವನದು. ಈಗಲೂ ಇಬ್ಬರೂ ಅಲ್ಲೇ ನಿಂತಿದ್ದೇವೆ.

ಎಲ್ಲವೂ ಸರಾಗವಾಗಿ ನಡೆಯಿತು ಎಂದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಹಿಂದೆ ಜನ ಓಡುತ್ತಿದ್ದಾಗ ಅವನ ಬಾಯಿಂದ ಒಂದು ಮಾತು ಬಂತು: “ನೀವು ಕೆರೆಗಳನ್ನೆಲ್ಲ ಸೈಟು ಮಾಡಿ ಮಾರ್ಕೊಂಡ್ರಿ, ಈಗ ಅಳ್ತೀರಿ.” ನನ್ನ ಅಕ್ಕ ಆಗ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದಳು, ದಿನಕ್ಕೆ ಅರ್ಧ ಬಕೆಟ್ ನೀರು. ನಾನು ಯಾವ ಕೆರೆಯನ್ನೂ ಮಾರಿಲ್ಲ, ನನಗೆ ಸೈಕಲ್ ಬಿಟ್ಟರೆ ಆಸ್ತಿಯೇ ಇಲ್ಲ. ಈ ಸಲ ಎರಡು ದಿನ ನಾನು ಮಾತು ಬಿಟ್ಟೆ. ಕೋಪ ಇಳಿದ ಮೇಲೆ ಯೋಚಿಸಿದಾಗ ಸಿಕ್ಕಿದ್ದು ‘ನೀವು’ ಎಂಬ ಪದ. ಅವನು ನನ್ನನ್ನು ಯಾವಾಗಲೂ ‘ನೀನು’ ಎನ್ನುವವನು. ಕನ್ನಡದಲ್ಲೂ ತಮಿಳಿನಲ್ಲೂ ಬಹುವಚನ ಎಂದರೆ ಮರ್ಯಾದೆ. ಆದರೆ ಜಗಳದಲ್ಲಿ ‘ನೀನು’ ಹೋಗಿ ‘ನೀವು’ ಬಂದಿತೆಂದರೆ ಅದು ಮರ್ಯಾದೆ ಅಲ್ಲ, ಎದುರಿಗಿರುವವನನ್ನು ಎತ್ತಿ ಒಂದು ಗುಂಪಿನೊಳಕ್ಕೆ ಎಸೆಯುವುದು. ನನ್ನ ವಾಟ್ಸ್‌ಆ್ಯಪ್ ಸಾಲೂ ಅದನ್ನೇ ಮಾಡಿತ್ತು. ಇದನ್ನು ಅವನಿಗೆ ಹೇಳಿದೆ. ಈಗ ಯಾರಾದರೂ ‘ನೀವು’ ಎಂದರೆ ಇನ್ನೊಬ್ಬ “ಎಷ್ಟು ಜನ?” ಎಂದು ಕೇಳುತ್ತಾನೆ. ಅಲ್ಲಿಗೆ ಸರಿಹೋಗುತ್ತದೆ, ಹೆಚ್ಚಾಗಿ.

ಇದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲಿ, ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಮುದ್ದೆ, ಹುರುಳಿಕಾಳು ಸಾರು ಮಾಡಿದ್ದಳು. ಮುದ್ದೆ ಅಗಿದು ತಿಂದ ಅವನನ್ನು ನೋಡಿ ತಂಗಿ ನಕ್ಕದ್ದೇ ನಕ್ಕದ್ದು. ಮಧ್ಯಾಹ್ನ ಅಪ್ಪ ನಾಲೆ ತೋರಿಸಲು ಕರೆದೊಯ್ದರು. ನಾಲೆಯಲ್ಲಿ ಜೊಂಡು, ಒಂದೆರಡು ಕಡೆ ಹಸಿರು ನೀರು. ನಮ್ಮದು ಕೊನೆಯಂಚು. ಒಳ್ಳೆಯ ವರ್ಷದಲ್ಲೂ ನಮ್ಮ ತೂಬಿಗೆ ನೀರು ತಲುಪುವುದು ತಡ. ಅಪ್ಪ ಬೈಗುಳ ಶುರುಮಾಡಿದರು. ಮೇಲ್ಭಾಗದ ಊರಿನವರು ಹೇಗೆ ರಾತ್ರಿ ಮೋಟರು ಇಟ್ಟು ಎತ್ತುತ್ತಾರೆ, ನೀರು ಬರುವ ಮುಂಚೆಯೇ ಹೇಗೆ ಕಬ್ಬು ನಾಟಿ ಮಾಡುತ್ತಾರೆ, ಕೇಳಿದರೆ ‘ನಮ್ಮೂರ ಮುಂದೆ ಹರಿಯೋ ನೀರು’ ಎನ್ನುತ್ತಾರೆ ಎಂದೆಲ್ಲ. ನಾನು ಅನುವಾದಿಸುತ್ತಾ ಹೋದೆ. ಎಲ್ಲ ಕೇಳಿ ಅವನು ತನ್ನ ಮುರುಕು ಕನ್ನಡದಲ್ಲಿ ಹೇಳಿದ: “ಅಂಕಲ್, ಹಾಗಾದ್ರೆ ಇಲ್ಲಿ ನೀವೇ ತಮಿಳುನಾಡು.”

ನನಗೆ ಎದೆ ಧಸಕ್ಕೆಂದಿತು. ಅಪ್ಪ ಮೂರು ತಿಂಗಳಿಂದ ಧರಣಿಗೆ ಹೋಗುತ್ತಿರುವವರು. ಒಂದು ನಿಮಿಷ ಒಣ ನಾಲೆಯನ್ನೇ ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು. “ಆಗ್ಲಿ ಕಣಪ್ಪ. ಮೊದ್ಲು ಆ ಮೇಲ್ಗಡೆಯೋರ ತಾವ ನಂಗೆ ನೀರ್ ಬುಡ್ಸು, ಆಮ್ಯಾಕೆ ನಾನು ನಿಂಗ್ ಬುಡುಸ್ತೀನಿ” ಎಂದರು. ಆ ಸಂಜೆ ಅವನಿಗೆ ಎರಡು ಎಳನೀರು ಹೆಚ್ಚಿಗೆ ಸಿಕ್ಕವು. ಮುಂದಿನ ವಾರ ಅಪ್ಪ ಮತ್ತೆ ಧರಣಿಗೆ ಹೋದರು. ಇದನ್ನು ಯಾಕೆ ಹೇಳಿದೆ ಎಂದರೆ, ಒಂದು ಮಾತು ಕೇಳಿದ ಕೂಡಲೇ ಅಪ್ಪ ಬದಲಾಗಿಬಿಟ್ಟರು ಎಂದು ಯಾರೂ ತಿಳಿಯಬಾರದು. ಬದಲಾಗಲಿಲ್ಲ. ಬದಲಾಗಲಿ ಎಂದು ನನ್ನ ಗೆಳೆಯನೂ ಕಾಯಲಿಲ್ಲ.

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ಮೇಷ್ಟ್ರೊಬ್ಬರು ‘ಕಾವೇರಿ ಕುಟುಂಬ’ದ ವಿಷಯ ಹೇಳಿದರು. 2002ರ ಬರ ಮತ್ತು ಆ ವರ್ಷದ ಗದ್ದಲದ ಬಿಸಿ ಇನ್ನೂ ಆರದಿದ್ದ 2003ರಲ್ಲಿ ಎರಡೂ ರಾಜ್ಯದ ರೈತರು ಚೆನ್ನೈನಲ್ಲಿ ಒಟ್ಟಿಗೆ ಕೂತಿದ್ದರಂತೆ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್ ಇದಕ್ಕೆ ಆಸರೆಯಾಗಿ ನಿಂತಿತ್ತು. ಆಮೇಲೆ ಬೆಂಗಳೂರಿನಲ್ಲೂ ಸೇರಿದರು, ಇಲ್ಲಿಯವರು ಅಲ್ಲಿಯ ಗದ್ದೆಗೆ, ಅಲ್ಲಿಯವರು ಇಲ್ಲಿಯ ಗದ್ದೆಗೆ ಹೋಗಿ ನೋಡಿದರು. ಅವರ ಮಾತುಕತೆಯಿಂದ ಎರಡೂ ಸರ್ಕಾರಗಳು ಸಹಿ ಹಾಕುವಂಥ ಸೂತ್ರ ಹೊರಬರಲಿಲ್ಲ. ಹಾಗಾಗಿ ಅದು ಸೋತ ಪ್ರಯತ್ನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾವಿಬ್ಬರು ಹುಟ್ಟುವ ಮುಂಚೆಯೇ, ನಮ್ಮಪ್ಪಂದಿರ ವಯಸ್ಸಿನವರು, ಒಬ್ಬರ ಬೆಳೆ ಒಬ್ಬರ ನೀರಿನ ಮೇಲೆ ನಿಂತಿರುವವರು, ಆ ಸಿಟ್ಟಿನ ನಡುವೆ ಬದುವಿನ ಮೇಲೆ ನಡೆದಾಡಿದ್ದರು. ನಾವು ಬರೀ ಕ್ಯಾನು ಹಂಚಿಕೊಳ್ಳುವವರು.

2025ರ ಫೆಬ್ರುವರಿ ರಜೆಯಲ್ಲಿ ನಾನು ಅವನ ಊರಿಗೆ ಹೋದೆ. ಸಂಜೆ ಮೈಸೂರಲ್ಲಿ ರೈಲು ಹತ್ತಿದರೆ ಬೆಳಗ್ಗೆ ತಂಜಾವೂರು. ಸಾಂಬಾ ಬೆಳೆಯ ಕೊಯ್ಲು ನಡೆದಿತ್ತು. ಸಿವಿಲ್ ಓದುವವನಾಗಿ ಕಲ್ಲಣೈ ನೋಡದೆ ಬರುವುದುಂಟೆ? ಕರಿಕಾಲ ಚೋಳ ಕಟ್ಟಿಸಿದ ಎಂದು ಹೇಳುವ ಅಣೆಕಟ್ಟು, ಇನ್ನೂ ಕೆಲಸ ಮಾಡುತ್ತಿದೆ. ಅಲ್ಲಿ ನಿಂತರೆ ಕಾವೇರಿ ಕವಲೊಡೆಯುವುದು ಕಾಣುತ್ತದೆ: ಕಾವೇರಿ, ವೆಣ್ಣಾರು, ಕೊಳ್ಳಿಡಂ. ನಮ್ಮ ಕಡೆ ನದಿ ಎಂದರೆ ಒಂದು. ಅಲ್ಲಿ ಅದು ಬೆರಳುಗಳಾಗುತ್ತದೆ. ಪ್ರತಿ ಬೆರಳ ತುದಿಯಲ್ಲೂ ಒಬ್ಬ ‘ಕೊನೆಯಂಚಿನ’ ರೈತ ಇರುತ್ತಾನೆ ಎಂದು ಆಗ ಹೊಳೆಯಿತು.

ಅವನ ತಾತ ನನ್ನನ್ನು ಕೇಳಿದ್ದು ಎಷ್ಟು ಎಕರೆ, ಭತ್ತಕ್ಕೆ ಏನು ಬೆಲೆ ಎಂದು. ಖರೀದಿ ಕೇಂದ್ರದಲ್ಲಿ ತೇವಾಂಶ 17 ಪರ್ಸೆಂಟ್ ದಾಟಿದೆ ಎಂದು ಮೂಟೆ ವಾಪಸ್ ಕಳಿಸಿದ್ದರಂತೆ, ಅದೇ ಸಿಟ್ಟು. ನಮ್ಮಪ್ಪ ಅಲ್ಲಿದ್ದರೆ ಇಬ್ಬರೂ ಸೇರಿ ಸಂಜೆವರೆಗೆ ಬೈಯುತ್ತಿದ್ದರು. ಆದರೆ ಟೀ ಅಂಗಡಿಯಲ್ಲಿ ಮಾತ್ರ ಬೇರೆಯದೇ ಆಯಿತು. ನಾನು ಕರ್ನಾಟಕದವನು ಎಂದು ತಿಳಿದ ಒಬ್ಬ ಹಿರಿಯರು ಜೋರಾಗಿ ಏನೋ ಅಂದರು. ಸುತ್ತ ಇದ್ದವರು ನಕ್ಕರು. ‘ನೀರು ಕೊಡಲ್ಲ, ಅನ್ನ ತಿನ್ನಲು ಬರುತ್ತೀರಾ’ ಎಂದಂತೆ. ನನಗೆ ಉತ್ತರ ಹೇಳಲು ಭಾಷೆಯೂ ಇಲ್ಲ, ಧೈರ್ಯವೂ ಇಲ್ಲ. ಲೋಟ ಹಿಡಿದುಕೊಂಡು ನೆಲ ನೋಡಿದೆ. ಗೆಳೆಯ ಅವರ ಜೊತೆ ಕೂಗಾಡಲಿಲ್ಲ. ಪಕ್ಕದಲ್ಲಿ ಬಂದು ಕೂತು, “ತಾತಾ, ಇವನ ಅಪ್ಪನ ಗದ್ದೆಗೂ ಆ ವರ್ಷ ನೀರು ಬರಲಿಲ್ಲ, ನಾನೇ ನೋಡಿದ್ದೀನಿ” ಎಂದ. ಹಿರಿಯರು ಒಪ್ಪಿದರೋ ಬಿಟ್ಟರೋ ಗೊತ್ತಿಲ್ಲ. ಟೀ ದುಡ್ಡು ಅವರೇ ಕೊಟ್ಟರು. ನಾನು ಮಾತ್ರ ಆ ಹೊತ್ತು 2023ರ ವಾಟ್ಸ್‌ಆ್ಯಪ್ ಸಾಲನ್ನು ನೆನೆಯುತ್ತಿದ್ದೆ. ನನಗೆ ಆದದ್ದು ಐದು ನಿಮಿಷ. ಅವನು ನಲವತ್ತು ಜನರ ನಡುವೆ ನಾಲ್ಕು ದಿನ ಇದ್ದ.

ಈಗ ಐದನೇ ಸೆಮಿಸ್ಟರ್. ಕಳೆದ ಎರಡು ವರ್ಷ ಕೆಆರ್‌ಎಸ್ ತುಂಬಿತು, ಮೆಟ್ಟೂರೂ ತುಂಬಿತು. ಕಟ್ಟೆ ತುಂಬಿದ ವರ್ಷ ಎಲ್ಲರೂ ದೊಡ್ಡ ಮನಸ್ಸಿನವರೇ, ನಾವೂ ಹಾಗೆಯೇ. ಹಾಗಾಗಿ ಜಗಳ ಮೇಕೆದಾಟಿಗೆ ಸರಿದಿದೆ. 67 ಟಿಎಂಸಿ ಹಿಡಿಯುವ ಆ ಜಲಾಶಯ ಬೇಕು ಎಂಬುದು ನನ್ನ ಪಟ್ಟು: ಪ್ರವಾಹದ ವರ್ಷ ಸಮುದ್ರಕ್ಕೆ ಹೋಗುವ ನೀರನ್ನು ಹಿಡಿದಿಟ್ಟರೆ ಬರದ ವರ್ಷ ಇಬ್ಬರಿಗೂ ಆಗುತ್ತದೆ. ಅವನ ವಾದವನ್ನು ಅವನು ಒಪ್ಪುವ ಹಾಗೆ ಹೇಳುವುದಾದರೆ ಹೀಗೆ: ಬರದ ವರ್ಷ ನೀರು ಎಷ್ಟಿದೆ ಎಂಬುದಕ್ಕಿಂತ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮುಖ್ಯ, ಮೇಲೆ ಇನ್ನೊಂದು ಬೀಗ ಬಿದ್ದರೆ ಕೆಳಗಿನವನ ನಿದ್ದೆ ಹೋಗುತ್ತದೆ. ಇದಕ್ಕೆ ನನ್ನ ಉತ್ತರ ಇದೆ, ಆ ಉತ್ತರಕ್ಕೆ ಅವನ ಉತ್ತರವೂ ಇದೆ. ಪರೀಕ್ಷೆಗೆ ಮುಂಚೆ ಮುಗಿಯುವ ಲಕ್ಷಣವಿಲ್ಲ.

ಈ ಬರಹವನ್ನು ನಿನ್ನೆ ರಾತ್ರಿ ಅವನಿಗೆ ಓದಿ ಹೇಳಿದೆ. ಅವನಿಗೆ ಈಗ ಕನ್ನಡ ಚೆನ್ನಾಗಿಯೇ ಬರುತ್ತದೆ. ಮುದ್ದೆ ಅಗಿದದ್ದನ್ನು ತೆಗೆದುಹಾಕು ಎಂದ, ಆಗುವುದಿಲ್ಲ ಎಂದೆ. ಆಮೇಲೆ ಆರಂಭದ ಒಂದು ವಾಕ್ಯಕ್ಕೆ ತಕರಾರು ತೆಗೆದ. “‘ನಾವು ಬಿಟ್ಟೆವು’ ಅಂತ ಬರೆದಿದ್ದೀಯ. ಬಿಟ್ಟಿದ್ದು ಅಂದ್ರೆ ದಾನ ಕೊಟ್ಟ ಹಾಗೆ. ‘ಅವರ ಪಾಲು ಹೋಯಿತು’ ಅಂತ ಬರಿ.” ನಮ್ಮೂರಲ್ಲಿ ನಾಲೆಗೂ ಬಿಡೋದು ಅಂತಲೇ ಅನ್ನೋದು, ಅದು ದಾನ ಅಲ್ಲ ಎಂದೆ. ಅವನು ಒಪ್ಪಲಿಲ್ಲ. ಹನ್ನೆರಡು ಗಂಟೆಯವರೆಗೆ ಆ ಒಂದು ಪದದ ಮೇಲೆ ಕೂತಿದ್ದೆವು. ವಾಕ್ಯ ಹೇಗಿತ್ತೋ ಹಾಗೇ ಕಳಿಸುತ್ತಿದ್ದೇನೆ. ಅವನ ತಕರಾರನ್ನೂ ಬರೆಯುವ ಷರತ್ತಿನ ಮೇಲೆ.